ಇರುವೆಗೆ ಮನೆ ಕೊಟ್ಟ ಮರ

(ನಮ್ಮ ಸಂಘದ ವಾರ್ಷಿಕ ಸಹಾಯಾರ್ಥ ಸಂಜೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರತಿ ವರ್ಷ ಈ ಹೊತ್ತಿಗೆ ಸಂಘದ ತುರ್ತು ನಿಧಿಯ ಲೆಕ್ಕ ಓದಿ, ದೇಣಿಗೆಗೆ ಮನವಿ ಮಾಡುವುದು ನಮ್ಮಲ್ಲಿ ವಾಡಿಕೆ. ಲೆಕ್ಕವನ್ನು ಖಜಾಂಚಿಗಳು ಆಗಲೇ ಓದಿ ಮುಗಿಸಿದ್ದಾರೆ. ಈ ಸಲ ಮಕ್ಕಳಿಗೂ ಅರ್ಥವಾಗುವಂಥದ್ದು ಏನಾದರೂ ಹೇಳಿ ಎಂದು ಸಮಿತಿಯವರು ಅಪ್ಪಣೆ ಮಾಡಿದರು. ನಾವೋ ಹಗಲೆಲ್ಲ ಕಂಪ್ಯೂಟರಿನ ಮುಂದೆ ಕೂರುವ ಸಾಫ್ಟ್‌ವೇರಿನ ಜನ. ನಮಗೆ ಜೀವಶಾಸ್ತ್ರದ ಪಾಠ ಪಿಯುಸಿಗೇ ಮುಗಿದುಹೋಯಿತು. ಆದರೂ ಇರುವೆಗಳಿಗೂ ಮರಗಳಿಗೂ ಇರುವ ನಂಟಿನ ಬಗ್ಗೆ ಓದುತ್ತಾ ಹೋದಂತೆ, ಇದು ನಮ್ಮ ಸಂಘಕ್ಕೆ ಬಹಳ ಹತ್ತಿರದ ವಿಷಯ ಅನ್ನಿಸಿತು. ಹೌದೋ ಅಲ್ಲವೋ ಎಂಬುದನ್ನು ಕೊನೆಯಲ್ಲಿ ನೀವೇ ಹೇಳಬೇಕು.

ಊರಿನಲ್ಲಿ ಬೇಸಿಗೆ ರಜೆಗೆ ಮಾವಿನ ಮರ ಹತ್ತಿದವರಿಗೆಲ್ಲ ಕೆಂಜಿಗದ ಪರಿಚಯ ಇದ್ದೇ ಇರುತ್ತದೆ. ಎಲೆಗೆ ಎಲೆ ಸೇರಿಸಿ ಹೊಲಿದ ಚೀಲದಂಥ ಗೂಡು. ಅದಕ್ಕೆ ಕೈ ತಾಗಿದರೆ ಸಾಕು, ಅಂಗಿಯೊಳಗೆಲ್ಲ ನುಗ್ಗಿ ಮೈ ಉರಿಸಿಬಿಡುತ್ತವೆ. ಮಲೆನಾಡಿನವರು ಇದನ್ನೇ ಚಗಳಿ ಎಂದು ಕರೆದು, ಚಟ್ನಿ ಅರೆದು ತಿನ್ನುತ್ತಾರೆ. ಈ ಇರುವೆಗಳು ಎಲೆ ಹೊಲಿಯುವ ಕ್ರಮವೇ ಒಂದು ಸೋಜಿಗ. ಒಂದಷ್ಟು ಇರುವೆಗಳು ಸಾಲಾಗಿ ನಿಂತು ಎರಡು ಎಲೆಗಳ ಅಂಚನ್ನು ಎಳೆದು ಹಿಡಿಯುತ್ತವೆ. ಇನ್ನೊಂದಷ್ಟು ಇರುವೆಗಳು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಹಿಡಿದುಕೊಂಡು ಅತ್ತಿಂದಿತ್ತ ಆಡಿಸುತ್ತವೆ. ಆ ಮರಿಗಳ ಬಾಯಿಂದ ಬರುವ ರೇಷ್ಮೆ ಎಳೆಯೇ ದಾರ, ಮರಿಯೇ ಸೂಜಿ!

ಈ ಇರುವೆ ಮರಕ್ಕೆ ಕಾವಲುಗಾರ ಎಂಬುದು ಹಿಂದಿನವರಿಗೂ ಗೊತ್ತಿತ್ತು. ಕ್ರಿ.ಶ. 304ರ ಸುಮಾರಿಗೆ ಜೀ ಹಾನ್ ಎಂಬ ಚೀನೀ ಲೇಖಕ ದಕ್ಷಿಣ ಚೀನಾದ ಗಿಡಮರಗಳ ಬಗ್ಗೆ ಬರೆದ ಗ್ರಂಥದಲ್ಲಿ, ಅಲ್ಲಿನ ಜನ ಕಿತ್ತಳೆ ಜಾತಿಯ ಹಣ್ಣಿನ ತೋಟಗಳಿಗಾಗಿ ಸಂತೆಯಲ್ಲಿ ಇರುವೆ ಗೂಡುಗಳನ್ನು ಕೊಳ್ಳುತ್ತಿದ್ದ ವಿಷಯ ಬರುತ್ತದೆ. ಆ ಇರುವೆಗಳಿಲ್ಲದಿದ್ದರೆ ಹಣ್ಣೆಲ್ಲ ಹುಳುಗಳ ಪಾಲು. ಬೆಳೆಯ ಕೀಟವನ್ನು ಇನ್ನೊಂದು ಕೀಟದಿಂದ ಹತೋಟಿಯಲ್ಲಿಟ್ಟ ಅತ್ಯಂತ ಹಳೆಯ ದಾಖಲೆಗಳಲ್ಲಿ ಇದೂ ಒಂದು.

ಆದರೆ ಕೆಂಜಿಗಕ್ಕೂ ಮಾವಿನ ಮರಕ್ಕೂ ಇರುವುದು ಗಟ್ಟಿ ಕರಾರೇನಲ್ಲ. ಮಾವಿನ ಮರ ಇರುವೆಗೆಂದು ಮನೆ ಕಟ್ಟಿಕೊಡುವುದಿಲ್ಲ. ಮಾವು ಸಿಗದಿದ್ದರೆ ಇರುವೆ ಹಲಸಿಗೆ ಹೋಗುತ್ತದೆ, ಗೇರು ಮರಕ್ಕೆ ಹೋಗುತ್ತದೆ. ಇವತ್ತು ನಾವು ಹೇಳಹೊರಟಿರುವುದು ಇದಕ್ಕಿಂತ ಗಾಢವಾದ ಸಂಬಂಧದ ಕಥೆ. ಅಲ್ಲಿ ಮರವೇ ಇರುವೆಗೆ ಮನೆ ಕಟ್ಟಿ, ಊಟ ಬಡಿಸಿ, ಕುಡಿಯಲು ಸಿಹಿರಸವನ್ನೂ ಕೊಡುತ್ತದೆ.

ಇದನ್ನು ಮೊದಲು ಗಮನವಿಟ್ಟು ನೋಡಿ ಲೋಕಕ್ಕೆ ತಿಳಿಸಿದವರಲ್ಲಿ ಒಬ್ಬ ನಾವೀಗ ಬಾಳುತ್ತಿರುವ ಈ ಇಂಗ್ಲೆಂಡಿನವನೇ. ಹೆಸರು ಥಾಮಸ್ ಬೆಲ್ಟ್, ಹುಟ್ಟಿದ್ದು 1832ರಲ್ಲಿ, ನ್ಯೂಕ್ಯಾಸಲ್‌ನಲ್ಲಿ. ವೃತ್ತಿಯಿಂದ ಅವನು ಗಣಿ ಎಂಜಿನಿಯರು. ಮಧ್ಯ ಅಮೆರಿಕದ ನಿಕರಾಗುವಾ ದೇಶದಲ್ಲಿ ಚಿನ್ನದ ಗಣಿಯ ಮೇಲ್ವಿಚಾರಣೆಗೆಂದು ಹೋದವನು, ಬಿಡುವಿನ ವೇಳೆಯಲ್ಲಿ ಕಾಡು ಸುತ್ತುತ್ತಾ ಹುಳಹುಪ್ಪಟೆ, ಗಿಡಮರಗಳನ್ನು ನೋಡಿ ಟಿಪ್ಪಣಿ ಮಾಡಿಕೊಂಡ. 1874ರಲ್ಲಿ ಅದೆಲ್ಲ ಪುಸ್ತಕವಾಗಿ ಬಂತು. ಡಾರ್ವಿನ್ ಆ ಪುಸ್ತಕವನ್ನು ಬಹಳ ಮೆಚ್ಚಿಕೊಂಡಿದ್ದ. ಹೊಟ್ಟೆಪಾಡಿಗೆ ಹೊರದೇಶಕ್ಕೆ ಹೋದ ಎಂಜಿನಿಯರ್ ಒಬ್ಬ ಇರುವೆಗಳ ಗುಟ್ಟು ಬಿಡಿಸಿದ ಎಂಬುದು ನಮ್ಮಂಥವರಿಗೆ ಸ್ವಲ್ಪ ಹೆಮ್ಮೆಯ ವಿಷಯವೇ.

ಬೆಲ್ಟ್ ನೋಡಿದ್ದು ಒಂದು ಬಗೆಯ ಜಾಲಿ ಗಿಡವನ್ನು. ನಮ್ಮ ಬಯಲುಸೀಮೆಯ ಕರಿಜಾಲಿಗೆ ದೂರದ ನೆಂಟ ಎನ್ನಿ. ಅದರ ಮುಳ್ಳು ಮಾತ್ರ ಹೋರಿಯ ಕೊಂಬಿನ ಹಾಗೆ ಜೋಡಿಯಾಗಿ, ದಪ್ಪಗೆ ಉಬ್ಬಿಕೊಂಡಿರುತ್ತದೆ. ಹಾಗಾಗಿ ಇದನ್ನು ಕೊಂಬಿನ ಜಾಲಿ ಎಂದು ಕರೆಯೋಣ. ಮುಳ್ಳು ಎಳೆಯದಿದ್ದಾಗ ಒಂದು ರಾಣಿ ಇರುವೆ ಬಂದು ಅದರ ತುದಿಯ ಹತ್ತಿರ ತೂತು ಕೊರೆದು, ಒಳಗಿನ ತಿರುಳನ್ನು ತೆಗೆದು, ಮೊಟ್ಟೆ ಇಡುತ್ತದೆ. ಎರಡು ಮೂರು ವರ್ಷ ಕಳೆಯುವುದರೊಳಗೆ ಆ ಮರದ ಮುಳ್ಳುಗಳಲ್ಲೆಲ್ಲ ಸಾವಿರಗಟ್ಟಲೆ ಇರುವೆಗಳ ಸಂಸಾರ ತುಂಬಿರುತ್ತದೆ.

ಮನೆಯಾಯಿತು, ಇನ್ನು ಊಟ. ಈ ಜಾಲಿಯ ಎಲೆತೊಟ್ಟಿನ ಮೇಲೆ ಸಣ್ಣ ಸಣ್ಣ ಬಟ್ಟಲುಗಳಂಥ ಗ್ರಂಥಿಗಳಿದ್ದು, ಅವುಗಳಲ್ಲಿ ಸಿಹಿರಸ ಒಸರುತ್ತದೆ. ಹೂವಿಗೂ ಈ ರಸಕ್ಕೂ ಸಂಬಂಧವಿಲ್ಲ, ಇದು ಇರುವೆಗೆಂದೇ ಇಟ್ಟದ್ದು. ಜೊತೆಗೆ ಚಿಕ್ಕ ಎಲೆಗಳ ತುದಿಯಲ್ಲಿ ಹಳದಿ ಬಣ್ಣದ ಪುಟ್ಟ ಕಾಳಿನಂಥ ಗುಂಡುಗಳು ಬೆಳೆಯುತ್ತವೆ. ಅವುಗಳಲ್ಲಿ ಪ್ರೋಟೀನು, ಕೊಬ್ಬು ಎರಡೂ ಇವೆ. ಇರುವೆಗಳು ಅವನ್ನು ಕಿತ್ತು ಒಯ್ದು ಮರಿಗಳಿಗೆ ಉಣಿಸುತ್ತವೆ. ಗಿಡಕ್ಕೆ ತನ್ನ ಸ್ವಂತಕ್ಕೆ ಈ ಗುಂಡುಗಳಿಂದ ಯಾವ ಉಪಯೋಗವೂ ಕಾಣುವುದಿಲ್ಲ. ವಿಜ್ಞಾನಿಗಳು ಇವುಗಳಿಗೆ ಬೆಲ್ಟ್‌ನ ಹೆಸರನ್ನೇ ಇಟ್ಟಿದ್ದಾರೆ.

ಇಷ್ಟೆಲ್ಲ ಉಪಚಾರಕ್ಕೆ ಪ್ರತಿಯಾಗಿ ಇರುವೆ ಏನು ಮಾಡುತ್ತದೆ? ಮರ ಕಾಯುತ್ತದೆ ಎಂದು ಬೆಲ್ಟ್ ಹೇಳಿದ. ಎಲ್ಲರೂ ಒಪ್ಪಲಿಲ್ಲ. ಮರ ತನ್ನ ಪಾಡಿಗೆ ತಾನಿದೆ, ಇರುವೆ ಬಂದು ಸೇರಿಕೊಂಡಿದೆ ಅಷ್ಟೆ ಎಂದು ವಾದಿಸಿದವರೂ ಇದ್ದರು. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು ಎನ್ನುತ್ತೇವಲ್ಲ, ಹಾಗೆ. ಸುಮಾರು 90 ವರ್ಷಗಳ ನಂತರ ಡೇನಿಯಲ್ ಜಾನ್‌ಜೆನ್ ಎಂಬ ಅಮೆರಿಕದ ಯುವ ವಿಜ್ಞಾನಿ ಇದನ್ನು ಪರೀಕ್ಷೆಗೇ ಒಡ್ಡಿದರು. ಮೆಕ್ಸಿಕೋದಲ್ಲಿ ಕೆಲವು ಜಾಲಿ ಗಿಡಗಳಿಂದ ಇರುವೆಗಳನ್ನೆಲ್ಲ ತೆಗೆದುಹಾಕಿ, ಪಕ್ಕದಲ್ಲೇ ಕೆಲವು ಗಿಡಗಳನ್ನು ಇರುವೆ ಸಮೇತ ಹಾಗೆಯೇ ಬಿಟ್ಟು ನೋಡಿದರು. ಫಲಿತಾಂಶ 1966ರಲ್ಲಿ ಪ್ರಕಟವಾಯಿತು. ಹತ್ತು ತಿಂಗಳ ಕೊನೆಗೆ ಇರುವೆ ಇದ್ದ ಗಿಡಗಳಲ್ಲಿ ನೂರಕ್ಕೆ 72 ಬದುಕಿದ್ದವು, ಇರುವೆ ಇಲ್ಲದವುಗಳಲ್ಲಿ ಬದುಕುಳಿದದ್ದು ನೂರಕ್ಕೆ 43 ಮಾತ್ರ. ಬದುಕಿದವೂ ಹುಳ ತಿಂದು ಕುಂಠಿತವಾಗಿದ್ದವು.

ಇರುವೆಗಳು ಮಾಡುವ ಕೆಲಸದ ಪಟ್ಟಿ ದೊಡ್ಡದು. ಎಲೆ ತಿನ್ನಲು ಬಂದ ಹುಳವನ್ನು ಕಡಿದು ಓಡಿಸುತ್ತವೆ. ದನ, ಜಿಂಕೆ ಬಾಯಿ ಹಾಕಿದರೆ ಮೂತಿಗೆ ಕುಟುಕುತ್ತವೆ. ಬುಡದ ಸುತ್ತ ಬೇರೆ ಗಿಡ ಮೊಳೆತರೆ ಚಿವುಟಿ ಹಾಕುತ್ತವೆ, ಬಳ್ಳಿ ಹಬ್ಬಲು ಬಂದರೆ ಕತ್ತರಿಸುತ್ತವೆ. ರಾತ್ರಿ ಪಾಳಿಯೂ ಉಂಟು. ಸಾಮಾನ್ಯವಾಗಿ ಗಿಡಗಳು ಹುಳದ ಕಾಟ ತಪ್ಪಿಸಿಕೊಳ್ಳಲು ಎಲೆಯಲ್ಲಿ ಕಹಿಯನ್ನೋ ವಿಷವನ್ನೋ ತುಂಬಿಟ್ಟುಕೊಳ್ಳುತ್ತವೆ. ಇರುವೆ ಸಾಕುವ ಜಾಲಿಗಳಲ್ಲಿ, ಅವುಗಳ ದಾಯಾದಿ ಜಾಲಿಗಳಲ್ಲಿರುವ ಕೆಲವು ವಿಷವಸ್ತುಗಳು ಕಾಣಿಸುವುದಿಲ್ಲ ಎಂದು 1973ರಲ್ಲಿ ಗೊತ್ತಾಯಿತು. ಕಾವಲುಗಾರನನ್ನು ಇಟ್ಟುಕೊಂಡ ಮೇಲೆ ಬಾಗಿಲಿಗೆ ಏಳು ಬೀಗ ಯಾಕೆ?

ಇಲ್ಲಿಯವರೆಗೆ ಕೇಳಿದರೆ ಆಹಾ, ಎಂಥ ಅನ್ಯೋನ್ಯ ಸಂಸಾರ ಅನ್ನಿಸುತ್ತದೆ. ಆದರೆ ಕರಾರಿನ ಕೆಳಗೆ ಸಣ್ಣ ಅಕ್ಷರಗಳೂ ಇವೆ. ನಾವು ಕಾಫಿಗೆ ಹಾಕುವ ಸಕ್ಕರೆ ಎರಡು ಸಕ್ಕರೆಗಳು ಕೂಡಿಕೊಂಡ ಜೋಡಿ. ಅದನ್ನು ಅರಗಿಸಿಕೊಳ್ಳಬೇಕಾದರೆ ಹೊಟ್ಟೆಯಲ್ಲಿ ಆ ಜೋಡಿಯನ್ನು ಕತ್ತರಿಸುವ ಒಂದು ಕಿಣ್ವ ಬೇಕು. ಜಾಲಿಯ ಸಿಹಿರಸದಲ್ಲಿ ಸಕ್ಕರೆ ಮೊದಲೇ ಕತ್ತರಿಸಿಟ್ಟದ್ದು. ಅಷ್ಟೇ ಅಲ್ಲ, ಆ ರಸದಲ್ಲಿ ಇರುವೆಯ ಹೊಟ್ಟೆಯಲ್ಲಿರುವ ಕತ್ತರಿಯನ್ನು ಮೊಂಡು ಮಾಡುವ ವಸ್ತುವೂ ಇದೆ ಎಂದು ಮಾರ್ಟಿನ್ ಹೈಲ್ ಮತ್ತು ಜೊತೆಗಾರರು 2014ರಲ್ಲಿ ಪ್ರಕಟಿಸಿದರು. ಮರಿಯಾಗಿದ್ದಾಗ ಇರುವೆಗೆ ಆ ಕಿಣ್ವ ಇರುತ್ತದೆ. ಬೆಳೆದು ಜಾಲಿಯ ರಸ ಕುಡಿಯಲು ಶುರುಮಾಡಿದ ಮೇಲೆ ಅದು ಕೆಲಸ ನಿಲ್ಲಿಸುತ್ತದೆ. ಆಮೇಲೆ ಬೇರೆ ಕಡೆಯ ಮಾಮೂಲಿ ಸಕ್ಕರೆ ಅದಕ್ಕೆ ಅರಗುವುದಿಲ್ಲ, ಜಾಲಿಯ ರಸವೇ ಗತಿ. ನಮ್ಮ ಸಾಫ್ಟ್‌ವೇರ್ ಕಂಪನಿಗಳು ಮೊದಲ ಮೂರು ತಿಂಗಳು ಉಚಿತ ಎಂದು ಕೊಟ್ಟು, ಆಮೇಲೆ ಗಿರಾಕಿ ಎಲ್ಲಿಗೂ ಹೋಗದಂತೆ ಮಾಡುವ ಉಪಾಯವನ್ನು ಈ ಮರ ಎಂದೋ ಕಂಡುಕೊಂಡಿತ್ತು!

ಇದರಲ್ಲಿ ಕಳ್ಳರೂ ಇದ್ದಾರೆ. ಪುಟಾಣಿಗಳೇ, ಜಂಗಲ್ ಬುಕ್ ನೋಡಿದ್ದೀರಲ್ಲ? ಅದರಲ್ಲಿ ಬರುವ ಕರಿಚಿರತೆಯ ಹೆಸರೇನು? ಹೌದು, ಬಘೀರ. ಮಧ್ಯ ಅಮೆರಿಕದಲ್ಲಿ ಆ ಹೆಸರನ್ನೇ ಹೊತ್ತ ಒಂದು ಜೇಡ ಇದೆ, ಬಘೀರ ಕಿಪ್ಲಿಂಗಿ. ಜೇಡಗಳು ನೊಣ, ಸೊಳ್ಳೆ ಹಿಡಿದು ತಿನ್ನುತ್ತವೆ ಎಂದು ನಾವು ಓದಿದ್ದೇವೆ. ಈ ಜೇಡವೋ ಹೆಚ್ಚುಕಡಿಮೆ ಸಸ್ಯಾಹಾರಿ. ಇರುವೆಗಳ ಕಣ್ಣು ತಪ್ಪಿಸಿ ಕೊಂಬೆಯಿಂದ ಕೊಂಬೆಗೆ ಹಾರುತ್ತಾ, ಜಾಲಿ ಮರ ಇರುವೆಗೆಂದು ಇಟ್ಟ ಆ ಹಳದಿ ಗುಂಡುಗಳನ್ನು ಕದ್ದು ತಿನ್ನುತ್ತದೆ. 2009ರಲ್ಲಿ ಈ ವಿಷಯ ಪ್ರಕಟವಾದಾಗ ಜೇಡ ಶಾಸ್ತ್ರದವರೇ ಬೆರಗಾದರು. ಊಟದ ಮನೆ ಇದ್ದಲ್ಲಿ ಕರೆಯದೆ ಬರುವ ಅತಿಥಿ ಇದ್ದೇ ಇರುತ್ತಾನೆ. ಹಾಗೆಂದು ಮರ ಊಟ ಬಡಿಸುವುದನ್ನು ನಿಲ್ಲಿಸಿಲ್ಲ.

ನಿಲ್ಲಿಸಿದರೆ ಏನಾಗುತ್ತದೆ? ಇವತ್ತಿನ ನಮ್ಮ ಮಾತಿನ ಮುಖ್ಯ ಭಾಗ ಇದೇ. ಇದಕ್ಕೆ ಉತ್ತರ ಸಿಕ್ಕಿದ್ದು ಮೆಕ್ಸಿಕೋದಿಂದ ಬಹು ದೂರದ ಇನ್ನೊಂದು ಜಾಲಿಯಿಂದ. ಆದ್ದರಿಂದ ಈಗ ಆಫ್ರಿಕಾಕ್ಕೆ, ಕೀನ್ಯಾ ದೇಶಕ್ಕೆ ಹೋಗೋಣ.

ಕೀನ್ಯಾದ ಲೈಕಿಪಿಯ ಪ್ರಸ್ಥಭೂಮಿಯಲ್ಲಿ ನಮ್ಮ ಧಾರವಾಡ, ಗದಗದ ಕಡೆಯಂಥದೇ ಎರೆಮಣ್ಣು. ಆ ಮಣ್ಣಿನಲ್ಲಿ ಬೆಳೆಯುವ ಮರಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಒಂದೇ ಜಾತಿಯವು. ಇದೂ ಜಾಲಿಯೇ. ಇದರ ಮುಳ್ಳಿನ ಬುಡ ನಿಂಬೆಹಣ್ಣಿನಂತೆ ಉಬ್ಬಿ ಟೊಳ್ಳಾಗಿರುತ್ತದೆ. ಇರುವೆ ಕೊರೆದ ತೂತುಗಳ ಮೂಲಕ ಗಾಳಿ ಹಾಯ್ದಾಗ ಸಿಳ್ಳೆ ಹೊಡೆದಂತೆ ಸದ್ದಾಗುತ್ತದೆ, ಹಾಗಾಗಿ ಇದು ಸಿಳ್ಳೆ ಜಾಲಿ. ಇಲ್ಲಿ ನಾಲ್ಕು ಜಾತಿಯ ಇರುವೆಗಳು ಈ ಮರಕ್ಕಾಗಿ ತಮ್ಮತಮ್ಮಲ್ಲೇ ಕಾದಾಡುತ್ತವೆ. ಸಾಮಾನ್ಯವಾಗಿ ಒಂದು ಮರದಲ್ಲಿ ಒಂದು ಹೊತ್ತಿಗೆ ಒಂದೇ ಜಾತಿಯ ಸಂಸಾರ.

ಇಲ್ಲಿನ ಶತ್ರು ಚಿಕ್ಕ ಹುಳವಲ್ಲ, ಆನೆ. ಇರುವೆ ಆನೆಯನ್ನು ತಡೆಯುತ್ತದೆಯೇ ಎಂದು ನೀವು ನಗಬಹುದು. ಜೇಕಬ್ ಗೋಹೀನ್ ಮತ್ತು ಟಾಡ್ ಪಾಮರ್ ಎಂಬ ವಿಜ್ಞಾನಿಗಳು ಸಾಕಿದ ಅನಾಥ ಆನೆಗಳ ಮುಂದೆ ಕೊಂಬೆಗಳನ್ನಿಟ್ಟು ಪರೀಕ್ಷಿಸಿದರು. ಇರುವೆ ತೆಗೆದ ಸಿಳ್ಳೆ ಜಾಲಿಯನ್ನು ಆನೆಗಳು ಖುಷಿಯಿಂದ ತಿಂದವು. ಇರುವೆ ಇದ್ದ ಕೊಂಬೆಯನ್ನು ದೂರ ಮಾಡಿದವು. ಆನೆಗೆ ಪ್ರಿಯವಾದ ಇನ್ನೊಂದು ಜಾಲಿಯ ಕೊಂಬೆಗೆ ಇರುವೆ ಬಿಟ್ಟರೆ ಅದನ್ನೂ ಮುಟ್ಟಲಿಲ್ಲ. ಸೊಂಡಿಲಿನ ಒಳಗಿನ ಮೃದು ಚರ್ಮಕ್ಕೆ ಇರುವೆ ಕಚ್ಚಿದರೆ ಎಂಥ ಆನೆಯೂ ಹಿಂದೆ ಸರಿಯುತ್ತದೆ. ಇದು 2010ರಲ್ಲಿ ಪ್ರಕಟವಾದ ಮಾತು.

ಅದಕ್ಕೂ ಮೊದಲೇ, 1995ರಲ್ಲಿ, ಲೈಕಿಪಿಯದಲ್ಲಿ ಒಂದು ದೊಡ್ಡ ಪ್ರಯೋಗ ಆರಂಭವಾಗಿತ್ತು. ಕೆಲವು ಜಾಗಗಳಿಗೆ ವಿದ್ಯುತ್ ಬೇಲಿ ಹಾಕಿ, ಆನೆ, ಜಿರಾಫೆಯಂಥ ದೊಡ್ಡ ಪ್ರಾಣಿಗಳು ಒಳಗೆ ಬಾರದಂತೆ ಮಾಡಿದರು. ಪಕ್ಕದಲ್ಲೇ ಬೇಲಿ ಇಲ್ಲದ ಜಾಗಗಳೂ ಇದ್ದವು. ಹತ್ತು ವರ್ಷವಾದ ಮೇಲೆ ಪಾಮರ್ ಮತ್ತು ಜೊತೆಗಾರರು ಎರಡೂ ಕಡೆಯ ಮರಗಳನ್ನು ಹೋಲಿಸಿ ನೋಡಿದರು. ಈಗ ನಾವೆಲ್ಲ ಏನೆಂದುಕೊಳ್ಳುತ್ತೇವೆ? ಆನೆಯ ಕಾಟ ತಪ್ಪಿದ ಮರಗಳು ಸೊಂಪಾಗಿ ಬೆಳೆದಿರಬೇಕು, ಅಲ್ಲವೇ?

ಆದದ್ದು ಬೇರೆ. ತಿನ್ನುವವರು ಇಲ್ಲವಾದ ಮೇಲೆ ಬೇಲಿಯೊಳಗಿನ ಮರಗಳು ಸಿಹಿರಸ ಕಡಿಮೆ ಮಾಡಿದವು. ಟೊಳ್ಳು ಮುಳ್ಳುಗಳನ್ನೂ ಕಡಿಮೆ ಬೆಳೆಸಿದವು. ಆನೆಯೇ ಇಲ್ಲ, ಕಾವಲುಗಾರನಿಗೆ ಸಂಬಳ ಯಾಕೆ ದಂಡ ಎಂಬ ಲೆಕ್ಕ. ಮನೆಯೂ ಊಟವೂ ಸಾಲದಾದಾಗ, ಒಳ್ಳೆಯ ಕಾವಲುಗಾರ ಜಾತಿಯ ಇರುವೆಗಳು ಸೊರಗಿದವು. ಹೊಟ್ಟೆ ಹೊರೆಯಲು ಅವು ಮರದ ರಸ ಹೀರುವ ಶಲ್ಕ ಕೀಟಗಳನ್ನು ಹೆಚ್ಚು ಸಾಕತೊಡಗಿದವು. ಅವುಗಳ ಜಾಗಕ್ಕೆ ಇನ್ನೊಂದು ಜಾತಿಯ ಇರುವೆ ಬಂತು. ಇದಕ್ಕೆ ಟೊಳ್ಳು ಮುಳ್ಳು ಬೇಕಿಲ್ಲ. ಕಾಂಡ ಕೊರೆಯುವ ದುಂಬಿಯ ಹುಳುಗಳು ತೋಡಿದ ಬಿಲಗಳಲ್ಲೇ ಇದರ ವಾಸ. ಆದ್ದರಿಂದ ಆ ದುಂಬಿ ಬಂದರೆ ಇದಕ್ಕೆ ಲಾಭವೇ, ಅದು ತಡೆಯುವುದಿಲ್ಲ. ಕೊನೆಗೆ ಆನೆ ಇಲ್ಲದ ಬೇಲಿಯೊಳಗಿನ ಮರಗಳೇ ನಿಧಾನವಾಗಿ ಬೆಳೆದವು, ಅವೇ ಹೆಚ್ಚು ಸತ್ತವು. 2008ರಲ್ಲಿ ಈ ಅಧ್ಯಯನ ಪ್ರಕಟವಾಯಿತು.

ಬಂಧುಗಳೇ, ಇದರಲ್ಲಿ ಯಾರೂ ಯಾರೊಡನೆಯೂ ಜಗಳವಾಡಲಿಲ್ಲ. ಯಾರೂ ಮೋಸ ಮಾಡಲಿಲ್ಲ. ಆನೆ ಬರುತ್ತಿಲ್ಲ, ಇಷ್ಟು ಖರ್ಚು ಯಾಕೆ ಎಂದು ವರ್ಷಕ್ಕೆ ಸ್ವಲ್ಪ ಸ್ವಲ್ಪವೇ ಕೈ ಬಿಗಿ ಹಿಡಿದದ್ದು ಅಷ್ಟೆ. ಬೇಲಿ ಆನೆಯನ್ನು ತಡೆಯಿತು, ದುಂಬಿಯನ್ನು ತಡೆಯಲಿಲ್ಲ. ಇರುವೆಗಳು ಯಾವ ಯಾವ ಕೆಲಸ ಮಾಡುತ್ತಿದ್ದವು ಎಂಬುದು ಅವು ಹೋದ ಮೇಲೆ ಗೊತ್ತಾಯಿತು.

ಮರ ತಾನಾಗಿ ಕೈಬಿಡದೆ, ಹೊರಗಿನಿಂದ ಬಂದವರು ಇರುವೆಯನ್ನು ಇಲ್ಲವಾಗಿಸಿದರೆ ಏನಾಗುತ್ತದೆ ಎಂಬುದಕ್ಕೂ ಲೈಕಿಪಿಯದಲ್ಲೇ ಉದಾಹರಣೆ ಇದೆ. ದೊಡ್ಡ ತಲೆಯ ಇರುವೆ ಎಂಬ ಒಂದು ಆಕ್ರಮಣಕಾರಿ ಜಾತಿ ಮನುಷ್ಯರ ಓಡಾಟದ ಜೊತೆಗೆ ಪ್ರಪಂಚದ ಹಲವು ಕಡೆ ಹರಡಿದೆ. ಅದು ಲೈಕಿಪಿಯದ ಓಲ್ ಪೆಜೆಟಾ ಎಂಬ ವನ್ಯಜೀವಿ ಧಾಮಕ್ಕೂ ಬಂತು. ಬಂದು ಸಿಳ್ಳೆ ಜಾಲಿಯ ಇರುವೆಗಳನ್ನು ಕೊಂದಿತು, ಆದರೆ ಅವುಗಳ ಕಾವಲು ಕೆಲಸವನ್ನು ಮಾತ್ರ ವಹಿಸಿಕೊಳ್ಳಲಿಲ್ಲ. ಕಾವಲಿಲ್ಲದ ಮರಗಳನ್ನು ಆನೆಗಳು ಐದರಿಂದ ಏಳು ಪಟ್ಟು ಹೆಚ್ಚಾಗಿ ಮುರಿದು ತಿಂದವು. ಮರಗಳು ಹೋಗಿ ಬಯಲಾಯಿತು. ಅಲ್ಲಿನ ಸಿಂಹ ಮರದ ಮರೆಯಲ್ಲಿ ಅವಿತು ಕುಳಿತು ಜೀಬ್ರಾ ಹಿಡಿಯುತ್ತಿತ್ತು. ಮರೆಯೇ ಇಲ್ಲದಾಗ ಜೀಬ್ರಾಗಳು ದೂರದಿಂದಲೇ ಸಿಂಹವನ್ನು ಕಂಡು ಓಡತೊಡಗಿದವು. 2003ರಲ್ಲಿ ಸಿಂಹಗಳು ಕೊಂದ ಪ್ರಾಣಿಗಳಲ್ಲಿ ನೂರಕ್ಕೆ 67 ಜೀಬ್ರಾಗಳಿದ್ದರೆ, 2020ರ ಹೊತ್ತಿಗೆ ಅದು 42ಕ್ಕೆ ಇಳಿಯಿತು. ಬದಲಿಗೆ ಸಿಂಹಗಳು ಕಾಡೆಮ್ಮೆಯ ಬೇಟೆಗಿಳಿದವು. ಕಾಡೆಮ್ಮೆ ಎಂದರೆ ಸಿಂಹದ ಹೊಟ್ಟೆಯನ್ನೇ ಬಗೆಯಬಲ್ಲ ಪ್ರಾಣಿ. ಡಗ್ಲಸ್ ಕಮಾರು ಮತ್ತು ಜೊತೆಗಾರರ ಈ ಸಂಶೋಧನೆ 2024ರ ಜನವರಿಯಲ್ಲಿ ಪ್ರಕಟವಾಯಿತು. ಇರುವೆ ಹೋದರೆ ಸಿಂಹ ತನ್ನ ಊಟ ಬದಲಿಸಬೇಕಾಗುತ್ತದೆ!

ಕೊನೆಯದಾಗಿ ನಮ್ಮೂರಿನ ಕಡೆಯ ಒಂದು ಮರ. ಪಶ್ಚಿಮ ಘಟ್ಟದಲ್ಲಿ, ಕೊಡಗು, ದಕ್ಷಿಣ ಕನ್ನಡದ ಕಡೆಯ ನಿತ್ಯಹರಿದ್ವರ್ಣ ಕಾಡುಗಳಲ್ಲಿ ಹಂಬೋಲ್ಟಿಯಾ ಬ್ರೂನೋನಿಸ್ ಎಂಬ ಚಿಕ್ಕ ಮರವಿದೆ. ಇದರ ಕೆಲವು ಕೊಂಬೆಗಳು ಗೆಣ್ಣಿನಿಂದ ಗೆಣ್ಣಿಗೆ ಉಬ್ಬಿಕೊಂಡು ಒಳಗೆ ಟೊಳ್ಳಾಗಿರುತ್ತವೆ. ಒಂದು ಸೀಳು ತಾನಾಗಿಯೇ ಬಿಟ್ಟುಕೊಂಡು ಬಾಗಿಲಾಗುತ್ತದೆ. ಇರುವೆಯೇ ಕೊರೆಯಬೇಕೆಂಬ ನಿಯಮವಿಲ್ಲ, ಹಾಗಾಗಿ ಯಾರು ಬೇಕಾದರೂ ಒಳಗೆ ಬರಬಹುದು. ಒಂದು ಛತ್ರವಿದ್ದ ಹಾಗೆ. ಮರ ಕಾಯುವ ಇರುವೆಗಳೂ ಇರುತ್ತವೆ, ಏನೂ ಕಾಯದೆ ಸುಮ್ಮನೆ ಇರುವ ಇರುವೆಗಳೂ ಇರುತ್ತವೆ. ಮರದ ಮೇಲೆ ವಾಸಿಸುವ ಒಂದು ಎರೆಹುಳು ಕೂಡ ಬಂದು ಸೇರಿಕೊಳ್ಳುತ್ತದೆ.

ಕಾಯದೆ ಕೂತವರಿಗೆ ಮರ ಯಾಕೆ ಜಾಗ ಕೊಟ್ಟಿದೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಾಯ್‌ಶ್ರೀ ಚಾನಮ್, ರೆನೀ ಬೋರ್ಜಸ್ ಮತ್ತು ಜೊತೆಗಾರರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಆ ಟೊಳ್ಳಿನೊಳಗಿನ ನಿವಾಸಿಗಳಿಂದ ಬರುವ ಸಾರಜನಕ ಮರಕ್ಕೆ ಸೇರುತ್ತದೆಯೇ ಎಂದು ಅಳೆದು ನೋಡಿದರು. ಸೇರುತ್ತದೆ! ಕಾಯುವ ಇರುವೆಯಿಂದಲೂ, ಕಾಯದ ಇರುವೆಯಿಂದಲೂ, ಎರೆಹುಳುವಿನಿಂದಲೂ ಹತ್ತಿರದ ಎಲೆ, ಕೊಂಬೆಗಳಿಗೆ ಗೊಬ್ಬರ ಹೋಗುತ್ತದೆ. 2014ರಲ್ಲಿ ಪ್ರಕಟವಾದ ಈ ಅಧ್ಯಯನದ ಸಾರ ಇಷ್ಟು: ಬಿಟ್ಟಿ ಕೂತಿದ್ದಾರೆ ಎಂದುಕೊಂಡವರೂ ಬಾಡಿಗೆ ಕಟ್ಟುತ್ತಿದ್ದರು, ನಾವು ಆ ಲೆಕ್ಕದ ಪುಸ್ತಕ ತೆಗೆದು ನೋಡಿರಲಿಲ್ಲ.

ಈಗ ನಮ್ಮ ಸಂಘದ ಮಾತು. ಇರುವೆಗೆ ದಯೆ ದಾಕ್ಷಿಣ್ಯ ಗೊತ್ತಿಲ್ಲ, ಮರಕ್ಕೆ ದಾನ ಧರ್ಮ ತಿಳಿಯದು. ನಾವು ಮನುಷ್ಯರು, ನಮಗೆ ಎರಡೂ ಗೊತ್ತು. ಹಾಗಾಗಿ ಅವುಗಳಿಂದ ನೀತಿಪಾಠ ಕಲಿಯುವ ಅಗತ್ಯವೇನೂ ಇಲ್ಲ. ಆದರೆ ಬೇಲಿಯೊಳಗಿನ ಮರದ ಲೆಕ್ಕಾಚಾರವನ್ನು ಮಾತ್ರ ನಾವು ಸ್ವಲ್ಪ ಯೋಚಿಸಬೇಕು.

ಈ ತುರ್ತು ನಿಧಿಯನ್ನು ಹಿರಿಯರು ಶುರುಮಾಡಿದಾಗ ಎಲ್ಲರೂ ಹೊಸಬರು. ಕೆಲಸ ಹೋದರೆ ವೀಸಾ ಹೋಗುವ ಕಾಲ. ಊರಿನಿಂದ ಬಂದ ತಂದೆತಾಯಿ ಆಸ್ಪತ್ರೆ ಸೇರಿದರೆ ಕೈ ಹಿಡಿಯುವವರಿಲ್ಲ. ಯಾರಾದರೂ ತೀರಿಕೊಂಡರೆ ಪಾರ್ಥಿವ ಶರೀರವನ್ನು ಊರಿಗೆ ಕಳಿಸಲು ಎಲ್ಲರ ಜೇಬು ತಡಕಬೇಕಿತ್ತು. ಆನೆ ಮನೆ ಬಾಗಿಲಲ್ಲೇ ನಿಂತಿತ್ತು. ಆದ್ದರಿಂದ ಯಾರೂ ಹೇಳಿಸಿಕೊಳ್ಳದೆ ದುಡ್ಡು ಹಾಕುತ್ತಿದ್ದರು.

ಈಗ ನಮ್ಮಲ್ಲಿ ಬಹಳ ಮನೆಗಳು ನೆಲೆ ನಿಂತಿವೆ. ಸ್ವಂತ ಮನೆ, ಇಲ್ಲಿನ ಪಾಸ್‌ಪೋರ್ಟು, ವಿಮೆ ಎಲ್ಲ ಆಗಿದೆ. ನಮ್ಮ ಸುತ್ತ ಒಳ್ಳೆಯ ಬೇಲಿ ಬಿದ್ದಿದೆ, ದೇವರ ದಯೆ. ಅದರ ಜೊತೆಗೇ, ಈಗ ಈ ನಿಧಿ ಯಾರಿಗೆ ಬೇಕು ಎಂಬ ಮಾತೂ ಅಲ್ಲಲ್ಲಿ ಕೇಳಿಬರುತ್ತಿದೆ. ಕೇಳುವವರು ಕೆಟ್ಟವರಲ್ಲ, ನಮ್ಮವರೇ. ಪ್ರಶ್ನೆಯೂ ನ್ಯಾಯವಾದದ್ದೇ.

ಉತ್ತರ ಈ ಸಭಾಂಗಣದಲ್ಲೇ ಹಿಂದಿನ ಸಾಲುಗಳಲ್ಲಿ ಕೂತಿದೆ. ಈ ವರ್ಷವೇ ಬಂದಿಳಿದ ವಿದ್ಯಾರ್ಥಿಗಳಿದ್ದಾರೆ. ವೃದ್ಧಾಶ್ರಮಗಳಲ್ಲಿ, ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮಾಡುವ ತಂಗಿಯರಿದ್ದಾರೆ. ಇವರಲ್ಲಿ ಹೆಚ್ಚಿನವರ ವೀಸಾದ ಷರತ್ತಿನಂತೆ, ಕಷ್ಟ ಬಂದರೆ ಸರ್ಕಾರದ ಭತ್ಯೆಗಳನ್ನು ಕೇಳುವ ಹಾಗಿಲ್ಲ. ಇವರ ಪಾಲಿಗೆ ಆನೆ ಎಲ್ಲಿಗೂ ಹೋಗಿಲ್ಲ.

ಇನ್ನು ಇವರು ಸಂಘಕ್ಕೆ ಏನು ಕೊಡುತ್ತಾರೆ ಎಂದು ಯಾರಾದರೂ ಕೇಳಿದರೆ, ಕೊಡಗಿನ ಕಡೆಯ ಆ ಮರವನ್ನು ನೆನಪಿಸಿಕೊಳ್ಳೋಣ. ಇವತ್ತು ಬೆಳಗ್ಗೆ ಆರು ಗಂಟೆಗೆ ಬಂದು ಕುರ್ಚಿ ಜೋಡಿಸಿದವರು ಯಾರು? ತರಕಾರಿ ಹೆಚ್ಚಿದವರು ಯಾರು? ಭಾನುವಾರದ ಕನ್ನಡ ತರಗತಿಯಲ್ಲಿ ನಮ್ಮ ಮಕ್ಕಳಿಗೆ ಅ ಆ ಇ ಈ ತಿದ್ದಿಸುತ್ತಿರುವವರು ಯಾರು? ನಾವು ಆಫೀಸಿನಲ್ಲಿದ್ದಾಗ ಒಂಟಿಯಾಗಿರುವ ನಮ್ಮ ಹಿರಿಯರನ್ನು ಡಾಕ್ಟರ ಹತ್ತಿರ ಕರೆದೊಯ್ಯುವವರು ಯಾರು? ಇವುಗಳಲ್ಲಿ ಒಂದೂ ಖಜಾಂಚಿಗಳ ಲೆಕ್ಕಪತ್ರದಲ್ಲಿ ಬರುವುದಿಲ್ಲ. ಬಾಡಿಗೆ ಮಾತ್ರ ಸಂದಾಯವಾಗುತ್ತಲೇ ಇದೆ. ನಮಗೆ ವಯಸ್ಸಾಗುತ್ತಿದೆ. ನಾಳೆ ಮಕ್ಕಳು ಬೇರೆ ಊರಿಗೆ ಹೋದ ಮೇಲೆ ನಮ್ಮ ಬಾಗಿಲಿಗೆ ಬರುವುದು ಆನೆಯಲ್ಲ, ಸದ್ದಿಲ್ಲದೆ ಕಾಂಡ ಕೊರೆಯುವ ಒಂಟಿತನದ ದುಂಬಿ. ಆಗ ಜೊತೆಗೆ ನಿಲ್ಲುವವರು ಈಗಿನಿಂದಲೇ ಜೊತೆಗಿರಬೇಕು.

ಪ್ರತಿ ಮೇಜಿನ ಮೇಲೆ ಒಂದು ಲಕೋಟೆ, ಒಂದು ಗಿಫ್ಟ್ ಏಡ್ ಅರ್ಜಿ ಇಟ್ಟಿದ್ದೇವೆ. ಇಲ್ಲಿ ಆದಾಯ ತೆರಿಗೆ ಕಟ್ಟುವವರು ಆ ಅರ್ಜಿಗೆ ಸಹಿ ಮಾಡಿದರೆ, ನೀವು ಕೊಟ್ಟ ಪ್ರತಿ ಪೌಂಡಿಗೆ ಸರ್ಕಾರದಿಂದ 25 ಪೆನ್ಸ್ ಹೆಚ್ಚುವರಿಯಾಗಿ ನಿಧಿಗೆ ಸೇರುತ್ತದೆ, ನಿಮಗೆ ಖರ್ಚಿಲ್ಲ. ಒಂದೇ ಸಲ ದೊಡ್ಡ ಮೊತ್ತ ಕೊಡುವವರಿಗೆ ವಂದನೆಗಳು. ಅದಕ್ಕಿಂತಲೂ ನಮ್ಮ ಬೇಡಿಕೆ ಏನೆಂದರೆ, ಮೊತ್ತ ಚಿಕ್ಕದಿದ್ದರೂ ಚಿಂತೆಯಿಲ್ಲ, ತಿಂಗಳು ತಿಂಗಳು ತಪ್ಪದೆ ಬರಲಿ. ಜಾಲಿ ಮರ ಇರುವೆಗೆ ಹಬ್ಬದ ದಿನ ಮಾತ್ರ ಊಟ ಹಾಕುವುದಿಲ್ಲ, ದಿನಾ ಒಂದೊಂದು ಹನಿ ಇಡುತ್ತದೆ.